ಎಲ್ಲರಿಗಿಂತ ಕಡಿಮೆ ದರ

"ದಾವಲ್ ಸಾಬ್, ಇದು ಕೂಲಿಗೂ ಸಾಲಂಗಿಲ್ಲ. ತಪ್ಪಿ ಬರದೀಯೇನು?" ಇಂಜಿನಿಯರ್ ಟೆಂಡರು ಕಾಗದವನ್ನು ಮತ್ತೊಮ್ಮೆ ನೋಡಿದರು. ಕೊಟ್ಟೂರಿನ ಚೌಕದ ರಿಪೇರಿಗೆ ಎಲ್ಲರಿಗಿಂತ ಕಡಿಮೆ ದರ ಈ ಕಲ್ಲುಕುಟಿಗನದೇ.

"ಸರಿಯಾಗೇ ಬರದೀನ್ರಿ."

"ಮೊದ್ಲು ಅಲ್ಲಿರೋ ನೀರಿನ ತೊಟ್ಟಿ ಒಡೀಬೇಕು, ಗೊತ್ತೈತಲ್ಲ?"

ದಾವಲ್ ಸಾಬ್ ತಲೆಯಾಡಿಸಿದ. ಜ್ವರದಲ್ಲಿ ನೀರು ನೀರೆಂದು ಕನವರಿಸುತ್ತಲೇ ತೀರಿಹೋದ ಮಗಳು ನಜಮುನ್ನೀಸಾಳ ಹೆಸರು ಕೆತ್ತಿ, ಹನ್ನೊಂದು ವರ್ಷದ ಹಿಂದೆ ಊರ ದನಕರುಗಳಿಗೆಂದು ಆ ಕಲ್ಲಿನ ತೊಟ್ಟಿ ಮಾಡಿಟ್ಟವನು ಅವನೇ.

ಇಂಜಿನಿಯರಿಗೂ ಅದು ಗೊತ್ತಿತ್ತು. "ನಿನಗ್ಯಾಕಪ್ಪ ಈ ಕೆಲಸ? ಹೊರಗಿನವರು ಬಂದು ಒಡೀತಾರ, ಬಿಡು."

ಅವನು ಉಳಿ ಹಿಡಿದು ಹಿಡಿದು ಒರಟಾಗಿದ್ದ ಅಂಗೈಗಳನ್ನು ಮೇಜಿನ ಮೇಲೆ ಚಾಚಿದ.

"ಬ್ಯಾರೆಯವರ ಸುತ್ತಿಗಿ ಬ್ಯಾಡ್ರಿ, ಸಾಹೇಬ್ರ. ಆಕಿನ್ನ ಗೋರಿಯೊಳಗ ಇಳಿಸಿದ್ದೂ ಇವೇ ಕೈ."