ಹನ್ನೊಂದು ಮಂದಿಯ ಪಾಡ್‌ಕಾಸ್ಟು

“ಹನ್ನೊಂದು!” ರತೀಶ ಮೇಜು ಕುಟ್ಟಿ ನಕ್ಕ. “ಹ್ವಾಯ್ ಸುಧಾಕರ, ಈ ವಾರವೂ ಹನ್ನೊಂದೇ ಜನ. ನಿನ್ ಪಾಡ್‌ಕಾಸ್ಟಿಗಿಂತ ನಮ್ ಬಾವಿಕಟ್ಟಿಗೆ ಜಾಸ್ತಿ ಜನ ಬತ್ರ್ ಮಾರಾಯ!”

ಗಂಗೊಳ್ಳಿ ಬಂದರಿನ ಎದುರು ರತೀಶನ ಮೊಬೈಲ್ ಅಂಗಡಿ. ಅಲ್ಲಿ ಪ್ರತಿ ಶನಿವಾರ ಬೆಳಗ್ಗೆ ನಡೆಯುವ ಶಾಸ್ತ್ರವಿದು. ಕುಂಭಾಶಿಯಲ್ಲಿ ಬಟ್ಟೆ ಹೊಲಿಯುವ ಸುಧಾಕರ ವಾರವಿಡೀ ರೆಕಾರ್ಡ್ ಮಾಡಿದ್ದನ್ನು ಎರಡು ಬಸ್ಸು ಬದಲಿಸಿ ಇಲ್ಲಿಗೆ ತರುತ್ತಿದ್ದ. 2015ರಲ್ಲೂ ಅವನ ಮನೆಯಿಂದ ಒಂದು ಫೋಟೋ ಕಳಿಸುವಷ್ಟರಲ್ಲಿ ಒಂದು ಅಂಗಿ ಹೊಲಿದು ಮುಗಿಯುತ್ತಿತ್ತು. ರತೀಶನಲ್ಲಿ ಬ್ರಾಡ್‌ಬ್ಯಾಂಡ್ ಇತ್ತು. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು. ಹಾಗಾಗಿ ಅಪ್‌ಲೋಡು ಪುಕ್ಕಟೆ, ಗೇಲಿಯೂ ಪುಕ್ಕಟೆ.

ಗೇಲಿ ಮಾಡದೆ ಇನ್ನೇನು ಮಾಡಬೇಕು ಹೇಳಿ? ಪಾಡ್‌ಕಾಸ್ಟ್ ಎಂದರೆ ದೊಡ್ಡವರ ಸಂದರ್ಶನ, ಜ್ಞಾನದ ಮಾತು ಅಂದುಕೊಂಡಿರಾ? ಈ ಮಹಾಶಯ ರೆಕಾರ್ಡ್ ಮಾಡುವುದು ಕೋಳಿ ಕೂಗುವುದನ್ನು! ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ “ಬೈಂದೂರ್, ಬೈಂದೂರ್” ಎಂದು ಅರಚುವುದನ್ನು. ಒಗ್ಗರಣೆ ಚಟಪಟ ಎನ್ನುವುದನ್ನು. ಶಾಲೆ ಮಕ್ಕಳು ಮಗ್ಗಿ ಒಪ್ಪಿಸುವುದನ್ನು. ನಡುನಡುವೆ ತನ್ನ ಮೂಗುಸ್ವರದಲ್ಲಿ “ಇವತ್ ನಮ್ ಊರಗೆ ಎಂತ ಆಯ್ತ್ ಅಂದ್ರೆ...” ಎಂದು ಶುರು. ಆಗಿರುವುದೇನು, ಮಣ್ಣು? ಪಕ್ಕದ ಮನೆ ಅಮ್ಮಣ್ಣಿಯ ದನ ಕರು ಹಾಕಿರುತ್ತದೆ. ಕಿವಿ ಇದ್ದವನಿಗೆ ಇದೆಲ್ಲ ಮನೆಬಾಗಿಲಲ್ಲೇ ಬೇಡವೆಂದರೂ ಕೇಳುತ್ತದೆ. ಅದನ್ನು ಕೈಯಿಂದ ಕಾಸು ಹಾಕಿ ಇಂಟರ್‌ನೆಟ್ಟಿಗೆ ಏರಿಸುವ ಮನುಷ್ಯನ ಬುದ್ಧಿಗೆ ಏನೆನ್ನುವುದು!

ಕಾಸೆಂದರೆ ವೆಬ್‌ಸೈಟಿನ ಬಾಡಿಗೆ, ಬಸ್ಸು ಎಲ್ಲ ಸೇರಿ ತಿಂಗಳಿಗೆ ಸಾವಿರದ ಇನ್ನೂರು. ಹೆಂಡತಿ ವನಜ ಖಂಡಿತವಾಗಿ ಹೇಳಿಬಿಟ್ಟಿದ್ದಳು. “ಅದ್ರ್ ಖರ್ಚ್ ಅದೇ ದುಡೀಲಿ. ದೀಪಾವಳಿ ಒಳ್ಗೆ ಆಯ್ಲಿಲ್ಲ ಅಂದ್ರೆ ಮೈಕ್ ಮಾರಿ ಮಗಳಿಗ್ ಕನ್ನಡ್ಕ ಮಾಡ್ಸುದ್.” ಮಗಳು ದೀಕ್ಷಾಳಿಗೆ ಶಾಲೆಯ ಬೋರ್ಡು ಮಂಜಾಗಿ ಕಾಣಲು ಶುರುವಾಗಿ ಎರಡು ತಿಂಗಳಾಗಿತ್ತು. ಎದುರು ಮಾತಾಡಲು ಸುಧಾಕರನಿಗೆ ಮುಖವಿರಲಿಲ್ಲ.

ಆದಾಯವೋ, ತಿಂಗಳಿಗೆ ಐನೂರು. ಅದೂ ರತೀಶ ಎಸೆದದ್ದು. “ಪಾಪದವ, ತಕೋ” ಎಂದು ಅಂಗಡಿಯ ಜಾಹೀರಾತು ಕೊಟ್ಟಿದ್ದ. ಭಿಕ್ಷೆಗೂ ಷರತ್ತುಗಳು! ಬೆಳಗ್ಗೆ ಹತ್ತರೊಳಗೆ ತಂದುಕೊಟ್ಟು ಹೊರಟುಬಿಡಬೇಕು. ಮಧ್ಯಾಹ್ನ ಗಿರಾಕಿಗಳ ಗಲಾಟೆ, ಆಗ ಇತ್ತ ತಲೆಹಾಕಬಾರದು. ಜೂನ್, ಜುಲೈ ದುಡ್ಡಿಲ್ಲ. “ಮಳ್ಗಾಲ್ದಗೆ ಯಾರ್ ಕೇಂತ್ರ್?” ಅರ್ಧ ಗಂಟೆಯ ಕಂತು ಸಾಲದು, ಎರಡು ಗಂಟೆ ಬೇಕು. “ಉದ್ದ ಮಾಡ್ ಮಾರಾಯ. ಹ್ಯಾಂಗೂ ಕೇಂಬವ್ರಿಲ್ಲೆ, ನಿಂಗ್ ಎಂತ ನಾಚ್ಕಿ?”

ಸುಧಾಕರ ಎಲ್ಲಕ್ಕೂ ಕತ್ತು ಆಡಿಸಿದ್ದ. ಪ್ರತಿ ಕಂತಿನ ಕೊನೆಗೆ ರತೀಶನಿಗೆ ಧನ್ಯವಾದ ಬೇರೆ ಹೇಳುತ್ತಿದ್ದ. ಥೂ, ಮನುಷ್ಯನಿಗೆ ಬೆನ್ನುಮೂಳೆ ಎಂಬುದೊಂದು ಬೇಡವೇ?

ಇವತ್ತು ದೀಪಾವಳಿಗೆ ಮುಂಚಿನ ಕೊನೆಯ ಶನಿವಾರ. ಸುಧಾಕರ ಚೀಲದಿಂದ ಮೈಕು ತೆಗೆದು ಮೇಜಿನ ಮೇಲಿಟ್ಟ.

“ಇದ್ನ ನೀನೇ ತಕೋ ರತೀಶ, ಮಗಳ ಕನ್ನಡ್ಕದ್ ದುಡ್ಡ್ ಕೊಟ್ರೆ ಸಾಕ್. ಇವತ್ತಿಂದೇ ಕಡಿದ್.”

ರತೀಶನ ನಗು ನಿಂತಿತು. “ಕಡಿದಾ? ಎಂತಕ್?”

“ಹನ್ನೊಂದ್ ಜನಕ್ಕೆ ಎಷ್ಟ್ ದಿನ ಅಂತ ಮಾಡುದ್?”

ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ರತೀಶ ಹಣೆ ಒರೆಸಿಕೊಂಡ. ಗಲ್ಲಾಪೆಟ್ಟಿಗೆ ಎಳೆದು ಗೆಳೆಯನ ಕೈಗೆ ನೋಟು ತುರುಕಿದ. “ತಿಂಗಳಿಗೆ ಸಾವಿರದ್ ಇನ್ನೂರ್. ಪೂರ್ತಿ ಖರ್ಚ್ ನಂದೇ. ನಿಲ್ಸ್‌ಬೇಡ ಮಾರಾಯ. ದೋಸ್ತಿ ಅಂದ್ರೆ ಮತ್ತ್ ಎಂತಕ್ ಇಪ್ದ್?”

ಸುಧಾಕರನ ಕಣ್ಣು ತುಂಬಿ ಬಂತು. ಮೂರು ವರ್ಷದ ಹುಚ್ಚು ಕೊನೆಗೂ ತನ್ನ ಖರ್ಚು ತಾನೇ ದುಡಿದಿತ್ತು, ಒಬ್ಬನ ಕನಿಕರದಿಂದಾದರೂ. ಕೈಮುಗಿದು ಬಸ್ಸು ಹತ್ತಿದ. ಬಸ್ಸು ತ್ರಾಸಿ ಮುಟ್ಟಿದಾಗ ನೆನಪಾಯಿತು, ಮೈಕು ಮೇಜಿನ ಮೇಲೆಯೇ ಉಳಿದಿದೆ. ಅಲ್ಲಿಳಿದು, ಕಾದು, ಇನ್ನೊಂದು ಬಸ್ಸಿನಲ್ಲಿ ತಿರುಗಿ ಬರುವಷ್ಟರಲ್ಲಿ ಮಧ್ಯಾಹ್ನ.

ಅಂಗಡಿಯ ಮುಂದಿನಿಂದ ಐಸ್ ಪ್ಲಾಂಟಿನ ಗೇಟಿನವರೆಗೆ ಸಾಲು ನಿಂತಿತ್ತು. ಎಲ್ಲರೂ ಸಂಜೆ ಹೊರಡುವ ಬೋಟಿನವರು. ಕಡಲಿಗೆ ಇಳಿದರೆ ಹತ್ತು ದಿನ ನೆಲ ಕಾಣದವರು, ನೆಟ್‌ವರ್ಕ್ ಸಿಗದವರು. ಬೋಟು ದಡಕ್ಕೇರುವ ಮಳೆಗಾಲದ ಎರಡು ತಿಂಗಳು ಬಿಟ್ಟರೆ ಅವರ ಬದುಕು ಹೀಗೇ. ಒಬ್ಬೊಬ್ಬರ ಕೈಯಲ್ಲೂ ಮೊಬೈಲಿನಿಂದ ಕಳಚಿದ ಮೆಮೊರಿ ಕಾರ್ಡು. ಒಳಗೆ ರತೀಶ ಒಂದೊಂದನ್ನೇ ಕಂಪ್ಯೂಟರಿಗೆ ಚುಚ್ಚಿ, ತುಂಬಿಸಿ, ದುಡ್ಡು ಎಣಿಸಿಕೊಳ್ಳುತ್ತಿದ್ದ. ತಲೆ ಎತ್ತಲೂ ಪುರಸೊತ್ತಿರಲಿಲ್ಲ.

ಮುಂದೆ ನುಗ್ಗಲು ನೋಡಿದ ಸುಧಾಕರನನ್ನು ಕುಷ್ಟ ಎಂಬ ಮುದಿ ಮೀನುಗಾರ ಮೊಣಕೈ ಅಡ್ಡ ಕೊಟ್ಟು ತಡೆದ. “ಸಾಲಗ್ ನಿಲ್ಲಿ, ಕಾಣಿ.”

“ಅಲ್ಲ ಮಾರಾಯ್ರೆ,” ಸುಧಾಕರ ಕೇಳಿದ, “ಇಷ್ಟ್ ಜನ ಎಂತಕ್ ನಿಂತದ್?”

ಐಸ್ ಪ್ಲಾಂಟಿನವರೆಗಿನ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಆ ಮುಖವನ್ನು ಅವರಲ್ಲಿ ಒಬ್ಬರೂ ಹಿಂದೆ ಕಂಡಿರಲಿಲ್ಲ.

“ಹ್ವಾಯ್!” ಕುಷ್ಟ ಅವನ ಎರಡೂ ಕೈ ಹಿಡಿದುಕೊಂಡ. “ಅಮ್ಮಣ್ಣಿ ದನ ಕರು ಹಾಕದ್ ಹೇಳ್ದವ್ರ್ ನೀವೇ ಅಲ್ದಾ? ಕರು ಹೆಣ್ಣಾ ಗಂಡಾ ಅಂತ ಕೇಂಬುಕೆ ಐವತ್ತ್ ಐವತ್ತ್ ರೂಪಾಯಿ ಹಿಡ್ಕಂಡ್ ನಿಂತದ್ ನಾವೆಲ್ಲ!”