ಬಾಯಿಬಿಟ್ಟು ಕೇಳುವ ಪಾಠ

"ನಿಮಗೆ ತೋಚಿದಷ್ಟು ಕೊಡಿ ಸಾರ್," ಎಂದು ಟೈಲರ್ ಅಕ್ಕ ಮತ್ತೆ ಅದನ್ನೇ ಅಂದಾಗ, ಸಂಪಾದಕನ ಪಾತ್ರದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಲೇಖಕರು ಹೀಗಲ್ಲವೆಂದು ತಲೆಯಾಡಿಸಿದರು. ಬರೆದು ನಾಲ್ಕು ಕಾಸು ಸಂಪಾದಿಸುವುದು ಹೇಗೆಂದು ಅವರು ಬಡಾವಣೆಯ ಗ್ರಂಥಾಲಯದಲ್ಲಿ ಪಾಠ ಹೇಳುತ್ತಿದ್ದರು; ಇವತ್ತು ಸಂಭಾವನೆ ಕೇಳುವ ಅಭ್ಯಾಸ, ಕಥೆಗಾರ್ತಿಯಾಗುವ ಸರದಿ ಅಕ್ಕನದು. "ಬಟ್ಟೆ ಹೊಲಿದುಕೊಟ್ಟು ಹೀಗಂತೀರಾ ಅಕ್ಕಾ? ಕಥೆಗೂ ಅಷ್ಟೇ. ಬಾಯಿಬಿಟ್ಟು ಕೇಳಿ."

"ಬಟ್ಟೆಗಾದ್ರೆ ಅಳತೆ ಇರುತ್ತೆ ಸಾರ್, ಇದಕ್ಕೇನಿದೆ?" ಅಕ್ಕ ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿಕೊಂಡರು.

ಅಷ್ಟರಲ್ಲಿ ಲೇಖಕರ ಫೋನ್ ರಿಂಗಾಯಿತು. ನಿಜವಾದ ಸಂಪಾದಕರೊಬ್ಬರದು; ಅವರಿಗೆ ವಿಶೇಷಾಂಕಕ್ಕೊಂದು ಕಥೆ ಬೇಕಿತ್ತು. "ಸಂಭಾವನೆ ಎಷ್ಟು ಹಾಕೋಣ ಸಾರ್?" ಎಂದದ್ದು ಇಡೀ ತರಗತಿಗೆ ಕೇಳಿಸಿತು.

"ಅಯ್ಯೋ, ಅದಕ್ಕೇನಂತೆ, ನಿಮಗೆ ತೋಚಿದಷ್ಟು..." ಎನ್ನುತ್ತಲೇ ಲೇಖಕರು ನಾಲಿಗೆ ಕಚ್ಚಿಕೊಂಡರು. ಯಾರೂ ನಗಲಿಲ್ಲ. ಅಕ್ಕ ಮಾತ್ರ, ಹೆಜ್ಜೆ ಕಲಿಯುವ ಮಗುವನ್ನು ಕರೆಯುವವರಂತೆ, ಕೇಳಿ, ಕೇಳಿ ಎಂದು ತುಟಿಯಲ್ಲೇ ಅನ್ನುತ್ತಿದ್ದರು.

"ಐದು ಸಾವಿರ ಕೊಡಿ," ಎಂದರು ಲೇಖಕರು. ಆ ಕಡೆಯವರು "ಆಗಲಿ ಸಾರ್" ಎಂದು ಫೋನಿಟ್ಟರು. ಲೇಖಕರು ಹಣೆಯ ಬೆವರು ಒರೆಸಿಕೊಂಡು, ಮೇಲಿನ ಕಾಲು ಕೆಳಗಿಳಿಸಿ ಕೂತರು.

ಬೆರಳಿನ ಟೇಪು ಬಿಚ್ಚುತ್ತಾ ಅಕ್ಕ ಅಂದರು: "ಹಾಗಾದ್ರೆ ನನ್ನ ಕಥೆಗೆ ಸಾವಿರದೈನೂರು ಸಾರ್. ಚೌಕಾಸಿ ಇಲ್ಲ."