ಕೆಂಪು ರಿಬ್ಬನ್

ಅಂದು ಉದ್ಘಾಟನೆಯಾದ ಔಷಧಿ ವನವನ್ನು ನೋಡಿದ ಸಸ್ಯವಿಜ್ಞಾನಿ ಅಲ್ಲೇ ಬಗ್ಗಿ ಮಣ್ಣು ಮುಟ್ಟಿ ನೋಡಿದಳು. ಬಂಡೆ ಸಂದಿಯ ಗರಸು ಮಣ್ಣಿನಲ್ಲಿ, ನೀರು ನಿಲ್ಲದ ಇಳಿಜಾರಿನಲ್ಲಿ ಬೆಳೆಯುವ ಮಾಕಳಿ ಬಳ್ಳಿಗಳನ್ನು ತಂದು ಹುಲ್ಲುಹಾಸಿನ ನಡುವೆ ಕೆಸರಿನಲ್ಲಿ ನೆಟ್ಟಿದ್ದರು. ಎಲೆಗಳೆಲ್ಲ ಹಳದಿ.

"ಇದು ವನ ಅಲ್ಲ ಸರ್, ಸ್ಮಶಾನ," ಎಂದಳು.

ಉಸ್ತುವಾರಿ ಅಧಿಕಾರಿ ನಕ್ಕರು. "ಬೈಬೇಡಿ ಮೇಡಂ. ದಿನಾ ಎರಡು ಹೊತ್ತು ನೀರು ಬಿಡಿಸ್ತಿದ್ದೀನಿ."

"ಅದಕ್ಕೇ ಕೊಳೀತಿರೋದು!"

ಅಳಿಯುತ್ತಿರುವ ಈ ಬಳ್ಳಿ ಎದುರಿನ ಬೆಟ್ಟದಲ್ಲಾದರೂ ಉಳಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡಳು. ಯಾರೂ ಬೇರು ಅಗೆಯಬಾರದೆಂದು ಬಂಡೆ ಬಂಡೆ ಹತ್ತಿ, ಒಂದೊಂದು ಬಳ್ಳಿಗೂ ಕೆಂಪು ರಿಬ್ಬನ್ ಕಟ್ಟಿ ಬಂದವಳು ಅವಳೇ.

ಊಟಕ್ಕೆ ಕೂತಾಗ ಎಲೆಯ ತುದಿಗೆ ಉಪ್ಪಿನಕಾಯಿ ಬಿತ್ತು. ಮೊಸರನ್ನದ ಜೊತೆ ಬಾಯಿಗಿಟ್ಟದ್ದೇ ತಡ, ಗೊತ್ತಿದ್ದ ಘಮವೊಂದು ಮೂಗಿಗೆ ಹೊಡೆಯಿತು. ಅವಳು ಅಗಿಯುವುದನ್ನು ನಿಲ್ಲಿಸಿದಳು.

"ಇದು ಮಾಕಳಿ ಬೇರಲ್ವಾ? ಎಲ್ಲಿಂದ ತಂದ್ರಿ?"

"ನಿಮಗೋಸ್ಕರಾನೇ ಮಾಡ್ಸಿದ್ದು," ಎಂದು ಅಧಿಕಾರಿ ಇನ್ನೊಂದು ಚಮಚ ಬಡಿಸಿದರು. "ಬೆಟ್ಟದಲ್ಲಿ ಹುಡುಕೋ ಕಷ್ಟಾನೇ ಆಗ್ಲಿಲ್ಲ ಮೇಡಂ. ನೀವು ರಿಬ್ಬನ್ ಕಟ್ಟಿದ್ದ ಕಡೆಯೆಲ್ಲ ಅಗೆಸಿಬಿಟ್ಟೆ."